ಸೂಪಶಾಸ್ತ್ರವೂ ಬಳ್ಳಾರಿ ಸೀಮೆಯ ಧಾನ್ಯಗಳೂ

ಮೂರನೆಯ ಮಂಗರಸನ ಸೂಪಶಾಸ್ತ್ರವು ಪೂರ್ವಕಾಲದ ಕನ್ನಡಿಗರ ಆಹಾರಕ್ಕೆ ಹಿಡಿದ ಕನ್ನಡಿಯೆಂದು ಹೇಳುವ ವಾಡಿಕೆಯುಂಟು. 16ನೆಯ ಶತಮಾನದ ಆದಿಭಾಗದಲ್ಲಿದ್ದ ಈ ಜೈನಕವಿಯು ಕಲ್ಲಹಳ್ಳಿಯ ಪ್ರಭುವಂಶದವನು. ಪಿಷ್ಟಪಾಕ, ಪಾನಕ, ಕಲಮಾನ್ನ, ಶಾಕಪಾಕಾದಿಗಳನ್ನು ಷಟ್ಪದಿಯಲ್ಲಿ ನಿರೂಪಿಸಿ, ಪಾಕಶಾಸ್ತ್ರವನ್ನು ದೇಶಭಾಷೆಗೆ ತಂದ ಅವನ ಉಪಕಾರವು ದೊಡ್ಡದು. ಬದನೆಕಾಯಿಯೊಂದಕ್ಕೇ ಅವನು ತೋರಿರುವ ಆದರವನ್ನು ಕಂಡರೆ, ಗ್ರಂಥವು ಬರಿಯ ಪಾಂಡಿತ್ಯಪ್ರದರ್ಶನವಲ್ಲವೆಂಬುದು ವಿಶದವಾಗುತ್ತದೆ. ಆದರೂ ಅದು ಪ್ರಭುಗೃಹದ ಪಾಕಶಾಲೆಯೇ ಹೊರತು ನಾಡಿನ ಒಲೆಯಲ್ಲ. ಅದರ ಆರು ಅಧ್ಯಾಯಗಳಲ್ಲಿ ಕಿರುಧಾನ್ಯಗಳಿಗೆ ಒಂದೂ ಮೀಸಲಾಗಿಲ್ಲ.

ಈ ಕೊರತೆಯ ಪ್ರಮಾಣವನ್ನು ಬಳ್ಳಾರಿ ಸೀಮೆಯ ಮಣ್ಣು ತಿಳಿಸುತ್ತದೆ. ಬಳ್ಳಾರಿ ನಗರದ ಬಳಿಯ ಸಂಗನಕಲ್ಲು, ಸಿರುಗುಪ್ಪ ತಾಲ್ಲೂಕಿನ ತೆಕ್ಕಲಕೋಟೆ ಇವು ನವಶಿಲಾಯುಗದ ವಸತಿಗಳು. ಮೊದಲನೆಯದನ್ನು 1940ರ ದಶಕದಲ್ಲಿ ಬಿ. ಸುಬ್ಬರಾವ್ ಅವರೂ, ಎರಡನೆಯದನ್ನು 1963-64ರಲ್ಲಿ ಎಂ. ಎಸ್. ನಾಗರಾಜರಾವ್ ಅವರೂ ಅಗೆಸಿ ಶೋಧಿಸಿದರು. ಇಂತಹ ನೆಲೆಗಳ ಮಣ್ಣನ್ನು ನೀರಿನಲ್ಲಿ ಕದಡಿದರೆ ಸುಟ್ಟು ಇದ್ದಲಾದ ಬೀಜಗಳು ತೇಲಿಬರುತ್ತವೆ. ಅವನ್ನು ಸೋಸಿ, ಸೂಕ್ಷ್ಮದರ್ಶಕದಿಂದ ಜಾತಿನಿರ್ಣಯ ಮಾಡುವರು. ಡೋರಿಯನ್ ಫುಲ್ಲರ್ ಮೊದಲಾದವರು 2004ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ ಮುಖ್ಯವಾಗಿ ದೊರೆತವು ಹುರುಳಿ, ಹೆಸರು, ಕೊರಲೆ, ನವಣೆಯ ಕುಲಕ್ಕೆ ಸೇರಿದ ಒಂದು ಹುಲ್ಲುಧಾನ್ಯ. ನೆಲ್ಲಿಗೆ ಅಲ್ಲಿ ಪ್ರಾಧಾನ್ಯವಿಲ್ಲ. ಈಗ ಈ ಸೀಮೆಯ ರೊಟ್ಟಿಗೆ ಆಧಾರವಾದ ಜೋಳವೂ ಆಫ್ರಿಕದಿಂದ ಬಂದುದೇ.

ಸಿರುಗುಪ್ಪವು ಇಂದು ಭತ್ತದ ಸೀಮೆಯೆಂಬ ಆಕ್ಷೇಪವು ನಿಲ್ಲಲಾರದು. ಆ ಭತ್ತವು ತುಂಗಭದ್ರೆಯ ಕಾಲುವೆಗಳ ಫಲ. 1953ರಲ್ಲಿ ಅಣೆಕಟ್ಟಿನ ನೀರು ಹರಿದ ತರುವಾಯ ಅದು ಹಬ್ಬಿತು. ಕುರುಗೋಡಿನ ಸಿಂದರು ಕಲ್ಯಾಣದ ಚಾಲುಕ್ಯರ ಮಾಂಡಲಿಕರಾಗಿದ್ದುದರಿಂದ ಮೂರನೆಯ ಸೋಮೇಶ್ವರನ ಮಾನಸೋಲ್ಲಾಸವನ್ನು ಪ್ರಮಾಣವಾಗಿ ತರುವವರೂ ಇರಬಹುದು. ಆದರೆ ಅದರ ಅನ್ನಭೋಗವು ಹೆಸರೇ ಹೇಳುವಂತೆ ಅರಸನ ಭೋಗ. ಉದ್ದಿನ ಇಡರಿಕೆಯನ್ನು ಹಿಡಿದು ಕುರುಗೋಡಿನ ಒಕ್ಕಲಿಗನ ಊಟವನ್ನು ಊಹಿಸಲಾಗದು.

ದೋಷವು ಮಂಗರಸನೊಬ್ಬನದಲ್ಲ. ಕಂಗು, ಕೋದ್ರವ, ಶ್ಯಾಮಾಕಗಳನ್ನು ಭಾವಪ್ರಕಾಶಾದಿಗಳು ಕ್ಷುದ್ರಧಾನ್ಯವೆಂದು ಕರೆದವು. ಕಾಳು ಕಿರಿದೆಂಬ ಅರ್ಥದ ಮಾತು ಉಂಡವನೂ ಕಿರಿಯನೆಂಬ ಅರ್ಥಕ್ಕೆ ತಿರುಗಿತು. ಕುಲತ್ಥವನ್ನು, ಎಂದರೆ ಹುರುಳಿಯನ್ನು, ಚರಕಸಂಹಿತೆಯು ಕಾಸಶ್ವಾಸಗಳಿಗೆ ಹಿತವೆಂದಿದ್ದರೂ ಅದು ಕುದುರೆಯ ಮೇವೆಂಬ ತಾತ್ಸಾರ ಉಳಿದಿದೆ. ಈ ಗಣನೆಯನ್ನು ತಲೆಕೆಳಗು ಮಾಡಿದ ಕೃತಿಯು ಕನ್ನಡದಲ್ಲಿಯೇ ಇದೆ: ಕನಕದಾಸರ ರಾಮಧಾನ್ಯಚರಿತೆ. ಅಲ್ಲಿ ಸೆರೆಯಲ್ಲಿಟ್ಟ ಭತ್ತವು ಕಂದಿತು, ರಾಗಿಯು ಕೆಡದೆ ಹೊರಬಂದಿತು. ಆಹಾರದ ಚರಿತ್ರೆಯನ್ನು ಬರೆಯುವವರು ಸೂಪಶಾಸ್ತ್ರದ ಪಕ್ಕದಲ್ಲಿ ಅದನ್ನೂ ಇರಿಸಿಕೊಳ್ಳತಕ್ಕದ್ದು.