ಚಿತ್ರದ ಮೂಲೆಯಲ್ಲಿ ನಿಂತವನು: ಜಹಾಂಗೀರನ ಆಸ್ಥಾನದ ಭಾವಚಿತ್ರಗಳನ್ನು ಕುರಿತು

ಭಾರತೀಯ ಕಲೆಯ ಪ್ರಸ್ತಾಪ ಬಂದಾಗಲೆಲ್ಲ ನಮ್ಮ ತರಗತಿಗಳಲ್ಲಿ ಒಂದು ಮಾತು ತಪ್ಪದೆ ಕೇಳಿಬರುತ್ತದೆ. ನಮ್ಮ ಶಿಲ್ಪಿಗಳೂ ಚಿತ್ರಗಾರರೂ ತಮ್ಮನ್ನು ತಾವು ಮರೆಸಿಕೊಂಡು ದುಡಿದವರು. ‘ನಾನು’ ಎಂಬುದನ್ನೇ ಕಲೆಯ ವಸ್ತುವನ್ನಾಗಿ ಮಾಡಿಕೊಂಡವರು ಪಾಶ್ಚಾತ್ಯರು ಮಾತ್ರ ಎಂಬುದೇ ಆ ಮಾತು. ಕೆಲವರು ಇದನ್ನು ಹೆಮ್ಮೆಯಿಂದ ಹೇಳುತ್ತಾರೆ, ಕೆಲವರು ಕೊರತೆಯೆಂದು ಹೇಳುತ್ತಾರೆ. ನಾವೂ ಕೆಲವು ವರ್ಷ ಹೀಗೆಯೇ ಪಾಠ ಹೇಳಿದ್ದುಂಟು. ಬೇಲೂರಿನ ಶಿಲ್ಪಗಳ ಪೀಠಗಳಲ್ಲಿ ಬಳ್ಳಿಗಾವೆಯ ದಾಸೋಜನೂ ಅವನ ಮಗ ಚಾವಣನೂ ತಮ್ಮ ಹೆಸರುಗಳನ್ನು ಬಿರುದು ಬಾವಲಿಗಳೊಡನೆ ಕೆತ್ತಿರುವುದನ್ನು ಓದಿದವರ ಮುಂದೆ ಈ ಮಾತಿನ ಅರ್ಧಭಾಗ ನಿಲ್ಲಲಾರದು. ಆದರೆ ಹೆಸರು ಬೇರೆ, ಮುಖ ಬೇರೆ. ದಾಸೋಜನ ಬಿರುದನ್ನು ನಾವು ಬಲ್ಲೆವು. ಅವನ ಮುಖವನ್ನು ಅರಿಯೆವು. ತನ್ನ ಮುಖವನ್ನು ತಾನೇ ಬರೆದು, ‘ಇವನೇ ನಾನು’ ಎಂದು ಮುಂದಿಟ್ಟ ಭಾರತೀಯ ಕಲಾವಿದನುಂಟೆ, ಉಂಟಾದರೆ ಅವನು ತನ್ನನ್ನು ಯಾವ ಬಗೆಯಲ್ಲಿ ಕಂಡುಕೊಂಡನು ಎಂಬುದು ಈ ಲೇಖನದ ವಿಷಯ. ಇದಕ್ಕೆ ಉತ್ತರವನ್ನು ಮೊಗಲ್ ಆಸ್ಥಾನದಲ್ಲಿ ಹುಡುಕಬೇಕಾಗಿದೆ. ಮೂಲಚಿತ್ರಗಳು ಇಂದು ಹೊರನಾಡುಗಳ ಸಂಗ್ರಹಗಳಲ್ಲಿರುವುದರಿಂದ, ನಾವು ಅಚ್ಚಾದ ಪ್ರತಿಗಳನ್ನು ನೋಡಿಯೇ ಬರೆಯುತ್ತಿದ್ದೇವೆ ಎಂಬುದನ್ನು ಮೊದಲೇ ಒಪ್ಪಿಕೊಳ್ಳುತ್ತೇವೆ.

ಭಾವಚಿತ್ರವು ಮೊಗಲರಲ್ಲಿ ರಾಜಕಾರ್ಯವಾಗಿ ಆರಂಭವಾಯಿತು. ಅಕ್ಬರನು (1556–1605) ತಾನೇ ಚಿತ್ರಗಾರರ ಮುಂದೆ ಕುಳಿತು ತನ್ನ ರೂಪವನ್ನು ಬರೆಯಿಸಿದನೆಂದೂ, ರಾಜ್ಯದ ಪ್ರಮುಖರೆಲ್ಲರ ರೂಪಗಳನ್ನು ಬರೆಯಿಸಿ ಒಂದು ದೊಡ್ಡ ಸಂಪುಟವನ್ನೇ ಮಾಡಿಸಿದನೆಂದೂ ಅಬುಲ್ ಫಜಲನು ‘ಐನ್-ಎ-ಅಕ್ಬರಿ’ಯಲ್ಲಿ ತಿಳಿಸುತ್ತಾನೆ. ಸತ್ತವರಿಗೆ ಇದರಿಂದ ಮರುಜೀವ ಬಂದಿತೆಂಬುದು ಅವನ ಅಭಿಪ್ರಾಯ. ಆದರೆ ಆ ಸಂಪುಟ ಆಸ್ಥಾನದ ಒಂದು ದಫ್ತರವೂ ಆಗಿತ್ತೆಂಬುದನ್ನು ಮರೆಯಲಾಗದು. ಪ್ರತಿಯೊಬ್ಬ ಮನಸಬದಾರನಿಗೂ ಒಂದು ಅಂತಸ್ತು, ಒಂದು ಸಂಬಳ, ನಿಲ್ಲಲು ಒಂದು ಸ್ಥಳ ಇದ್ದಂತೆ ಅಲ್ಲಿ ಅವನಿಗೊಂದು ಮುಖವೂ ದೊರೆಯಿತು. ಮುಖವನ್ನು ಕೊಡುವವನು ಪಾದಶಹ, ಪಡೆಯುವವನು ಸೇವಕ.

ಜಹಾಂಗೀರನ ಕಾಲದಲ್ಲಿ (1605–1627) ಈ ಕಲೆ ಪರಮಾವಧಿಯನ್ನು ಮುಟ್ಟಿತು. ಯಾವ ಚಿತ್ರವನ್ನು ತೋರಿಸಿದರೂ ಅದು ಯಾರ ಕೈಯದೆಂದು ಹೇಳಬಲ್ಲೆನೆಂದು ಅವನು ತನ್ನ ಆತ್ಮಕಥೆಯಲ್ಲಿ ಕೊಚ್ಚಿಕೊಂಡಿದ್ದಾನೆ. 1613ರಲ್ಲಿ ಖಾನ್ ಆಲಮನ ರಾಯಭಾರದೊಡನೆ ಬಿಷನ್‌ದಾಸನೆಂಬ ಚಿತ್ರಗಾರನನ್ನು ಪಾರಸೀಕ ದೇಶಕ್ಕೆ ಕಳುಹಿಸಿದ್ದು, ಷಾ ಅಬ್ಬಾಸನ ರೂಪವನ್ನು ಯಥಾವತ್ತಾಗಿ ಬರೆದು ತರಲೆಂದೇ. ಆಸ್ಥಾನದ ಚಿತ್ರಗಾರರ ಕೈಚಳಕಕ್ಕೆ ಪರದೇಶಿಯೊಬ್ಬನ ಸಾಕ್ಷ್ಯವೂ ಉಂಟು. 1616ರಲ್ಲಿ ಆಂಗ್ಲ ರಾಯಭಾರಿ ಥಾಮಸ್ ರೋ ತನ್ನಲ್ಲಿದ್ದ ಒಂದು ಪುಟ್ಟ ಭಾವಚಿತ್ರವನ್ನು ತೋರಿಸಿದಾಗ, ಜಹಾಂಗೀರನು ಅದರ ಐದು ನಕಲುಗಳನ್ನು ಮಾಡಿಸಿ, ದೀಪದ ಬೆಳಕಿನಲ್ಲಿ ಆರನ್ನೂ ಒಟ್ಟಿಗೆ ಇಟ್ಟು, ನಿನ್ನದು ಯಾವುದೆಂದು ಕೇಳಿದನು. ರೋ ತನ್ನದನ್ನು ಗುರುತಿಸಲು ಕಷ್ಟಪಟ್ಟನು.

ಇಷ್ಟು ಬಲ್ಲ ಕೈಗಳು ಕಂಡದ್ದನ್ನು ಕಂಡಂತೆ ಮಾತ್ರ ಬರೆದುವೆಂದು ತಿಳಿಯುವುದು ತಪ್ಪು. ನಮ್ಮ ಪಠ್ಯಪುಸ್ತಕಗಳು ಈ ತಪ್ಪನ್ನು ದಿನವೂ ಮಾಡುತ್ತಿವೆ. ಪುಟದ ಮೂಲೆಯಲ್ಲಿ ಒಂದು ಮುಖವನ್ನು ಅಚ್ಚುಮಾಡಿ, ಕೆಳಗೆ ಹೆಸರು ಹಾಕಿ, ವಿದ್ಯಾರ್ಥಿಗೆ ಸಾಕ್ಷಿ ದೊರಕಿತೆಂದು ಸುಮ್ಮನಾಗುತ್ತವೆ. ಅಬುಲ್ ಹಸನನು ಸುಮಾರು 1616ರಲ್ಲಿ ಬರೆದ ಚಿತ್ರವೊಂದರಲ್ಲಿ ಜಹಾಂಗೀರನು ಭೂಗೋಳದ ಮೇಲೆ ನಿಂತು, ಈಟಿಯ ತುದಿಯಲ್ಲಿ ಸಿಕ್ಕಿಸಿದ ಮಲಿಕ್ ಅಂಬರನ ತಲೆಗೆ ಬಾಣ ಬಿಡುತ್ತಿದ್ದಾನೆ. ಅಹಮದ್‌ನಗರದ ಆ ಹಬಶಿ ಮಂತ್ರಿಯನ್ನು ಜಹಾಂಗೀರನು ಎಂದೂ ಸೆರೆಹಿಡಿಯಲಿಲ್ಲ. ಅಂಬರನು 1626ರವರೆಗೆ ಬದುಕಿದ್ದು, ಮೊಗಲರ ಸೇನೆಗಳನ್ನು ದಣಿಸಿದವನು. ಅದೇ ಆಸ್ಥಾನದ ಹಾಶಿಮನೆಂಬ ಚಿತ್ರಗಾರನು ಕೆಲವು ವರ್ಷಗಳ ಅನಂತರ ಇದೇ ಅಂಬರನನ್ನು ಬಿಳಿಯ ಉಡುಪಿನಲ್ಲಿ, ಗೌರವಕ್ಕೆ ಅರ್ಹನಾದ ಹಿರಿಯನಂತೆ ಬರೆದನು. ಒಂದು ಚಿತ್ರದಲ್ಲಿರುವುದು ಅರಸನ ಕೋಪಕ್ಕೆ ಗುರಿಯಾದ ಅಂಬರ, ಇನ್ನೊಂದರಲ್ಲಿರುವುದು ಚಿತ್ರಗಾರನ ಕಣ್ಣಿಗೆ ಬಿದ್ದ ಅಂಬರ. ಎರಡರಲ್ಲಿಯೂ ಅವನನ್ನು ಕೇಳಿದವರಿಲ್ಲ.

ನಮ್ಮ ವಿಜಾಪುರದ ಎರಡನೆಯ ಇಬ್ರಾಹಿಂ ಆದಿಲ್ ಷಾಹನ (1580–1627) ಸಂಗತಿ ಇನ್ನೂ ಕುತೂಹಲಕರವಾದುದು. ‘ಕಿತಾಬ್-ಎ-ನೌರಸ್’ ಎಂಬ ಗೀತಗ್ರಂಥವನ್ನು ರಚಿಸಿ, ತನ್ನ ತಂಬೂರಿಗೆ ಮೋತಿಖಾನ್ ಎಂದು ಹೆಸರಿಟ್ಟು, ಪ್ರಜೆಗಳಿಂದ ಜಗದ್ಗುರುವೆನಿಸಿಕೊಂಡ ಈ ಅರಸನ ಚಿತ್ರಗಳಲ್ಲಿ ಕೊರಳಿಗೆ ರುದ್ರಾಕ್ಷಿಯ ಮಾಲೆ ಕಾಣುತ್ತದೆ. ಬ್ರಿಟಿಷ್ ವಸ್ತುಸಂಗ್ರಹಾಲಯದಲ್ಲಿರುವ ಚಿತ್ರವೊಂದರಲ್ಲಿ ಅವನ ಕೈಯಲ್ಲಿರುವುದು ಕತ್ತಿಯಲ್ಲ, ತಾಳ ಹಾಕುವ ಚಿಟಿಕೆ. ತಾನು ಯಾರೆಂದು ಹೇಳಿಕೊಳ್ಳಲು ಅವನು ಆರಿಸಿಕೊಂಡ ಗುರುತುಗಳು ಇವು. ಫರ್ರುಖ್ ಬೇಗನು ಬರೆದ, ಅವನು ತಂಬೂರಿ ನುಡಿಸುತ್ತಿರುವ ಚಿತ್ರ ಮಾತ್ರ ಮೊಗಲರ ಸಂಪುಟವನ್ನು ಸೇರಿತು. ಅಲ್ಲಿ ಅದರ ಮೇಲೆ ಬರೆದ ಒಕ್ಕಣೆಯಲ್ಲಿ ಅವನು ಷಾ ಅಲ್ಲ, ಕೇವಲ ಖಾನ್. ದಖ್ಖನಿನ ಸುಲ್ತಾನರಿಗೆ ಷಾ ಎಂಬ ಪದವಿಯನ್ನು ಮೊಗಲರು ಒಪ್ಪುತ್ತಿರಲಿಲ್ಲ. ಮುಖ ಅದೇ, ತಂಬೂರಿಯೂ ಅದೇ. ಚಿತ್ರದ ಒಡೆಯ ಬದಲಾದೊಡನೆ ಅದರಲ್ಲಿರುವ ಮನುಷ್ಯನೂ ಬೇರೆಯಾದನು.

ಇನಾಯತ್ ಖಾನನ ಚಿತ್ರವನ್ನು ಕುರಿತು ಬರೆಯುವಾಗ ನಮ್ಮ ಲೇಖನಿ ಸ್ವಲ್ಪ ಹಿಂಜರಿಯುತ್ತದೆ. ಅಫೀಮು ಮದ್ಯಗಳಿಂದ ಮೈ ಸವೆದುಹೋಗಿದ್ದ ಈ ಅಧಿಕಾರಿ 1618ರಲ್ಲಿ ಆಗ್ರಾಕ್ಕೆ ಹೋಗಲು ಅಪ್ಪಣೆ ಬೇಡಿದಾಗ, ಜಹಾಂಗೀರನು ಅವನನ್ನು ಪಲ್ಲಕ್ಕಿಯಲ್ಲಿ ತರಿಸಿ ನೋಡಿದನು. ಎಲುಬಿನ ಮೇಲೆ ಚರ್ಮ ಬಿಗಿದಂತಿದ್ದ ಆ ದೇಹವನ್ನು ಕಂಡು ಬೆರಗಾಗಿ, ಅದನ್ನು ಬರೆಯುವಂತೆ ಚಿತ್ರಗಾರರಿಗೆ ಆಜ್ಞಾಪಿಸಿದನು, ಹಣವನ್ನೂ ಕೊಡಿಸಿದನು. ಮರುದಿನವೇ ಇನಾಯತ್ ಖಾನನು ತೀರಿಕೊಂಡನು. ಇದರ ರೇಖಾಚಿತ್ರ ಇಂದು ಬಾಸ್ಟನ್ನಿನಲ್ಲಿದೆ, ವರ್ಣಚಿತ್ರ ಆಕ್ಸ್‌ಫರ್ಡಿನಲ್ಲಿದೆ. ದೊಡ್ಡ ದಿಂಬುಗಳ ನಡುವೆ ಒರಗಿದ ಆ ಮನುಷ್ಯನಿಗೆ ಪೇಟವಿಲ್ಲ, ಖಿಲ್ಲತ್ತಿಲ್ಲ, ಪದವಿಯ ಗುರುತು ಒಂದೂ ಇಲ್ಲ. ವಿಮರ್ಶಕರು ಇದನ್ನು ಮೊಗಲ್ ಕಲೆಯ ಅತ್ಯಂತ ಸತ್ಯವಾದ ಭಾವಚಿತ್ರವೆಂದು ಹೊಗಳುವುದು ವಾಡಿಕೆ. ಸತ್ಯವೆಂಬುದನ್ನು ನಾವೂ ಅಲ್ಲಗಳೆಯುವುದಿಲ್ಲ. ಆದರೆ ಅಂತಸ್ತಿನ ಉಡುಪೆಲ್ಲ ಕಳಚಿಹೋದ ಮೇಲೆ ಉಳಿಯುವುದೇ ನಿಜವಾದ ವ್ಯಕ್ತಿಯೆಂದು ಇದರಿಂದ ನಿರ್ಣಯಿಸುವುದು ನಮಗೆ ಸರಿದೋರದು. ಇಲ್ಲಿ ಉಳಿದಿರುವುದು ನೋಡುವವನ ಕುತೂಹಲ ಮತ್ತು ನೋಡಿಸಿಕೊಳ್ಳುವವನ ನಿಸ್ಸಹಾಯತೆ. ಇನಾಯತ್ ಖಾನನು ಊರಿಗೆ ಹೋಗಲು ಅಪ್ಪಣೆ ಬೇಡಿದ್ದನು, ಚಿತ್ರವನ್ನು ಬೇಡಿರಲಿಲ್ಲ.

ಇಷ್ಟನ್ನು ಮನಸ್ಸಿನಲ್ಲಿಟ್ಟುಕೊಂಡು ಬಿಚಿತ್ರನ ಪ್ರಸಿದ್ಧ ಚಿತ್ರವನ್ನು ನೋಡಬೇಕು. ವಾಷಿಂಗ್‌ಟನ್ನಿನ ಫ್ರಿಯರ್ ಸಂಗ್ರಹದಲ್ಲಿರುವ ಇದನ್ನು 1615–18ರ ಸುಮಾರಿಗೆ ಸೇರಿದುದೆಂದು ಹೇಳುತ್ತಾರೆ. ಜಹಾಂಗೀರನು ಮರಳುಗಡಿಯಾರವನ್ನೇ ಸಿಂಹಾಸನ ಮಾಡಿಕೊಂಡು ಕುಳಿತಿದ್ದಾನೆ. ತಲೆಯ ಹಿಂದೆ ಸೂರ್ಯಚಂದ್ರರು ಕೂಡಿದ ದೊಡ್ಡ ಪ್ರಭಾವಳಿ. ಗಡಿಯಾರದ ಮರಳು ಬಹುಪಾಲು ಕೆಳಕ್ಕೆ ಇಳಿದುಹೋಗಿದೆ. ಅವನ ಆಳಿಕೆ ಸಾವಿರ ವರ್ಷ ಬಾಳಲೆಂದು ಪುಟ್ಟ ದೇವದೂತರಿಬ್ಬರು ಆ ಗಾಜಿನ ಮೇಲೆಯೇ ಬರೆಯುತ್ತಿದ್ದಾರೆ. (ಹಾರೈಕೆಯನ್ನೂ ಇಳಿಯುವ ಮರಳನ್ನೂ ಒಟ್ಟಿಗೆ ಬರೆದ ಚಿತ್ರಗಾರನಿಗೆ ತಾನೇನು ಮಾಡುತ್ತಿದ್ದೇನೆಂಬುದು ತಿಳಿದಿರಲಿಲ್ಲವೆಂದು ನಾವು ನಂಬಲಾರೆವು.) ಪಾದಶಹನು ಒಬ್ಬ ಸೂಫಿ ಷೇಖನಿಗೆ ಗ್ರಂಥವೊಂದನ್ನು ನೀಡುತ್ತಿದ್ದಾನೆ, ಷೇಖನು ಬಟ್ಟೆಯೊಡ್ಡಿ ಸ್ವೀಕರಿಸುತ್ತಿದ್ದಾನೆ. ಷೇಖನ ಕೆಳಗೆ ಕೈಮುಗಿದ ತುರುಕ ಸುಲ್ತಾನ, ಅವನ ಕೆಳಗೆ ಇಂಗ್ಲೆಂಡಿನ ಒಂದನೆಯ ಜೇಮ್ಸ್. ಎಲ್ಲರಿಗಿಂತ ಕೆಳಗೆ, ಎಡಮೂಲೆಯಲ್ಲಿ, ಹಳದಿಯ ಜಾಮಾ ತೊಟ್ಟು ಕೆಂಪು ಪೇಟ ಸುತ್ತಿದ ಒಬ್ಬ ಹಿಂದು ನಿಂತಿದ್ದಾನೆ. ಅವನ ಕೈಯಲ್ಲಿ ಒಂದು ಚಿತ್ರ.

ಇವನೇ ಬಿಚಿತ್ರ್ ಎಂದು ವಿದ್ವಾಂಸರಲ್ಲಿ ಬಹುಮಂದಿ ಗುರುತಿಸಿದ್ದಾರೆ. ಹೆಸರು ಅವನ ಬಳಿ ಬರೆದಿಲ್ಲ; ಸಿಂಹಾಸನದ ಕೆಳಗಿನ ಕಾಲ್ಮಣೆಯ ಮೇಲೆ ಬರೆದಿದೆ. ಪಾದಶಹನು ಪೀಠವನ್ನು ಏರಬೇಕಾದರೆ ಚಿತ್ರಗಾರನ ಹೆಸರಿನ ಮೇಲೆ ಕಾಲಿಡಬೇಕು. ಇದನ್ನು ದಾಸ್ಯದ ಪರಾಕಾಷ್ಠೆಯೆಂದು ಬಗೆದವರುಂಟು. ನಮಗೆ ಹಾಗೆ ತೋರುವುದಿಲ್ಲ. ಕಾರಣಗಳನ್ನು ಹೇಳುತ್ತೇವೆ.

ಎಡಬದಿಯಲ್ಲಿ ಒಬ್ಬರ ಕೆಳಗೊಬ್ಬರು ನಿಂತ ಈ ನಾಲ್ವರಲ್ಲಿ ಅರಸರಿಬ್ಬರನ್ನೂ ಬಿಚಿತ್ರನು ಎಂದೂ ಕಂಡವನಲ್ಲ. ಜೇಮ್ಸನ ಮುಖ ಇಂಗ್ಲೆಂಡಿನಿಂದ ಬಂದ ಚಿತ್ರದ ನಕಲು. ನಮ್ಮ ಕಡೆಗೆ ಅರೆಹೊರಳಿದ ಅವನ ನಿಲುವೇ ಅದನ್ನು ಸಾರುತ್ತದೆ. ತುರುಕನಂತೂ ಇಂಥ ಸುಲ್ತಾನನೆಂದು ಹೇಳಲಾಗದ ಒಂದು ಮಾದರಿ ಮಾತ್ರ. ಆ ದೊರೆಗಳ ಪಂಕ್ತಿಯಲ್ಲಿಯೇ, ಕೊನೆಯಲ್ಲಾದರೂ ಸರಿಯೆ, ಚಿತ್ರಗಾರನು ತನ್ನನ್ನು ನಿಲ್ಲಿಸಿಕೊಂಡಿದ್ದಾನೆ. ಎರವಲು ಮುಖಗಳ ಕೆಳಗೆ ತಾನು ನೇರವಾಗಿ ಬಲ್ಲ ತನ್ನ ಮುಖವನ್ನು ಇಟ್ಟಿದ್ದಾನೆ. ಸುಲ್ತಾನನ ಕೈಗಳು ಮುಗಿದಿವೆ. ಇವನ ಕೈಗಳಿಗೆ ಬೇರೆ ಕೆಲಸವಿದೆ.

ಆ ಕೈಯಲ್ಲಿರುವ ಚಿತ್ರವನ್ನು ಸೂಕ್ಷ್ಮವಾಗಿ ನೋಡಿದರೆ ಎರಡು ಕುದುರೆಗಳು, ಒಂದು ಆನೆ, ಮತ್ತು ಬಾಗಿ ಸಲಾಮು ಮಾಡುತ್ತಿರುವ ಒಬ್ಬ ಮನುಷ್ಯ ಕಾಣುತ್ತವೆ. ಆ ಮನುಷ್ಯನ ಉಡುಪೂ ಹಳದಿಯದೇ. ಕುದುರೆಗಳೂ ಆನೆಯೂ ಪಾದಶಹನಿಂದ ಬಂದ ಬಹುಮಾನಗಳೆಂದು ಊಹಿಸುತ್ತಾರೆ. ಅಂದಮೇಲೆ ಬಿಚಿತ್ರನು ಇಲ್ಲಿ ತನ್ನನ್ನು ಎರಡು ಸಲ ಬರೆದುಕೊಂಡಂತಾಯಿತು: ಬಾಗಿದವನು ಒಬ್ಬ, ಬಾಗಿದವನ ಚಿತ್ರವನ್ನು ಹಿಡಿದು ನಿಂತವನು ಇನ್ನೊಬ್ಬ. ಸೇವಕನಾಗಿ ತಾನು ಹೇಗೆ ಕಾಣುತ್ತೇನೆಂಬುದನ್ನು ಅವನು ಬಲ್ಲ. ಬಲ್ಲೆನೆಂಬುದನ್ನು ತೋರಿಸಲೂ ಬಲ್ಲ. ತನ್ನ ಸ್ಥಿತಿಯನ್ನು ಹೊರಗೆ ನಿಂತು ನೋಡುವ ಈ ಶಕ್ತಿಗೆ ‘ನಾನು’ ಎಂಬ ಅರಿವಲ್ಲದೆ ಬೇರೆ ಏನೆಂದು ಹೆಸರಿಡೋಣ? ಅಂಬರನ ತಲೆಯನ್ನೂ ಇನಾಯತ್ ಖಾನನ ದೇಹವನ್ನೂ ಅಬ್ಬಾಸನ ಮುಖವನ್ನೂ ಪಾದಶಹನು ಬರೆಯಿಸಿದನು. ಈ ಮೂಲೆಯಲ್ಲಿ ಮಾತ್ರ, ಬರೆಯಿಸಿಕೊಂಡವನೂ ಬರೆದವನೂ ಒಬ್ಬನೇ.

ಇಲ್ಲಿ ಡಚ್ಚರ ರೆಂಬ್ರಾಂಟನ ಹೆಸರನ್ನು ಎತ್ತುವುದು ಅನಿವಾರ್ಯ. ಆತ್ಮಚಿತ್ರವೆಂದರೆ ಅವನೇ ಎಂಬಷ್ಟು ಅವನ ಕೀರ್ತಿ. ಸುಮಾರು ನಲವತ್ತು ವರ್ಷಗಳ ಕಾಲ ಅವನು ತನ್ನ ಮುಖವನ್ನು ಮತ್ತೆ ಮತ್ತೆ ಬರೆದನು. ಒಡೆಯನಿಲ್ಲ, ಸಭೆಯಿಲ್ಲ, ಕನ್ನಡಿಯ ಮುಂದೆ ಒಬ್ಬನೇ. ಬಿಚಿತ್ರನನ್ನು ಇವನ ಪಕ್ಕದಲ್ಲಿ ನಿಲ್ಲಿಸಿ, ಈ ಆಳ ಅವನಲ್ಲಿಲ್ಲವೆಂದು ಕೆಲವರು ತೂಗಿ ಹೇಳುತ್ತಾರೆ. ಆಳದ ಮಾತನ್ನು ನಾವು ಒಪ್ಪುತ್ತೇವೆ. ತೂಕದ ಕಲ್ಲನ್ನು ಒಪ್ಪುವುದಿಲ್ಲ. ರೆಂಬ್ರಾಂಟನೂ ಎಷ್ಟೋ ಸಲ ಪೌರಸ್ತ್ಯರ ಪೇಟ ಸುತ್ತಿಕೊಂಡು, ಹಳೆಯ ಕಾಲದ ವೇಷ ತೊಟ್ಟು ತನ್ನನ್ನು ಬರೆದುಕೊಂಡವನು, ಅವನಿಗೂ ಕೊಳ್ಳುವವರಿದ್ದರು. ಅದಿರಲಿ, 1656ರಲ್ಲಿ ದಿವಾಳಿಯಾದ ಆಸುಪಾಸಿನ ವರ್ಷಗಳಲ್ಲಿ ಅವನು ಕೈಗೆ ಸಿಕ್ಕ ಮೊಗಲ್ ಚಿತ್ರಗಳನ್ನು ಎದುರಿಗಿಟ್ಟುಕೊಂಡು, ಏಷ್ಯದಿಂದ ಬಂದ ಕಾಗದದ ಮೇಲೆ, ಶ್ರದ್ಧೆಯಿಂದ ಪ್ರತಿಮಾಡಿದನು. ಅಂಥವು 20ಕ್ಕೂ ಹೆಚ್ಚು ಉಳಿದಿವೆ. ಷಾಜಹಾನನ ರೂಪವೂ ಅವುಗಳಲ್ಲಿದೆ. ಮನುಷ್ಯನನ್ನು ಅವನ ನಿಲುವಿನಿಂದ, ಅವನು ಯಾರ ಎದುರಿಗಿದ್ದಾನೆ ಎಂಬುದರಿಂದ ಹೇಳುವ ಬಗೆಯೊಂದು ಅವನ ಗಮನವನ್ನು ಸೆಳೆದಿರಬೇಕು. ನಮ್ಮ ವಿಮರ್ಶಕರು ಅಷ್ಟು ಗಮನವನ್ನು ಕೊಟ್ಟಿಲ್ಲ.

ಬಿಚಿತ್ರನದು ಒಂಟಿ ಉದಾಹರಣೆಯೆಂದು ಯಾರಾದರೂ ಆಕ್ಷೇಪಿಸಬಹುದು. ದೌಲತನೆಂಬ ಚಿತ್ರಗಾರನು ಜಹಾಂಗೀರನ ಸಂಪುಟವೊಂದರ ಅಂಚುಗಳಲ್ಲಿ ತನ್ನ ಸಹೋದ್ಯೋಗಿಗಳಾದ ಅಬುಲ್ ಹಸನ್, ಮನೋಹರ್, ಬಿಷನ್‌ದಾಸ್, ಗೋವರ್ಧನರ ರೂಪಗಳನ್ನೂ ಅವರೊಡನೆ ತನ್ನದನ್ನೂ ಬರೆದಿದ್ದಾನೆ. ಅದಕ್ಕಿಂತ ಹೃದ್ಯವಾದುದು ಲಂಡನ್ನಿನಲ್ಲಿರುವ ನಿಜಾಮಿಯ ‘ಖಮ್ಸಾ’ದ ಕೊನೆಯ ಪುಟ. ಆ ಹಸ್ತಪ್ರತಿ ಅಕ್ಬರನಿಗಾಗಿ 1595ರಲ್ಲಿ ಸಿದ್ಧವಾಯಿತು. ಅದರ ಸಮಾಪ್ತಿವಾಕ್ಯದ ಬಳಿ ಸುಮಾರು 1610ರಲ್ಲಿ ಜಹಾಂಗೀರನ ಆಜ್ಞೆಯಂತೆ ಒಂದು ಚಿತ್ರ ಸೇರಿತು. ಗ್ರಂಥವನ್ನು ಬರೆದ ಲಿಪಿಕಾರ ಅಬ್ದುರ್ ರಹೀಮನೂ ಚಿತ್ರವನ್ನು ಬರೆದ ದೌಲತನೂ ಎದುರುಬದುರಾಗಿ ಕುಳಿತು ತಮ್ಮ ತಮ್ಮ ಕೆಲಸದಲ್ಲಿ ತೊಡಗಿದ್ದಾರೆ. ಆ ಪುಟದಲ್ಲಿ ಅರಸನಿಲ್ಲ.