ಬಾರದ ಗುಮ್ಮ, ಬಂದ ದರ್ಜಿ: 'ಸ್ಟ್ರೂವೆಲ್‌ಪೀಟರ್' ಕುರಿತು

ಹಠ ಹಿಡಿದ ಮಗುವನ್ನು ಸುಮ್ಮನಾಗಿಸಲು ಹಿರಿಯರು ಕರೆಯುವ ಗುಮ್ಮನಿಗೆ ಹಲವು ಸಮುದಾಯಗಳಲ್ಲಿ ಹಲವು ಹೆಸರುಗಳಿವೆ. ಹತ್ತೊಂಬತ್ತನೆಯ ಶತಮಾನದ ಜರ್ಮನ್ ನಗರ ಫ್ರಾಂಕ್‌ಫರ್ಟಿನಲ್ಲಿ ಚಿಮಣಿ ಗುಡಿಸುವವನೊಡನೆ ವೈದ್ಯನೂ ಈ ಸಾಲಿಗೆ ಸೇರಿದ್ದ. ಕಹಿ ಔಷಧಿ ಕುಡಿಸುವ, ಜಿಗಣೆ ಹಚ್ಚುವ ವೈದ್ಯ ಬರುತ್ತಾನೆಂದು ತಾಯಂದಿರು ಬೆದರಿಸುತ್ತಿದ್ದರು. (ನಮ್ಮ ಮನೆಗಳಲ್ಲಿ ಈ ಕೆಲಸಕ್ಕೆ ಸೂಜಿ ಚುಚ್ಚುವ ಡಾಕ್ಟರು ಒದಗಿಬರುತ್ತಾರೆ.) ಇದನ್ನು ನೆನೆದು ಬರೆದವನು ಆ ಊರಿನ ವೈದ್ಯನೇ ಆದ ಹೈನ್‌ರಿಷ್ ಹಾಫ್‌ಮನ್ (1809-1894). 1851ರಲ್ಲಿ ಅಲ್ಲಿನ ಮಾನಸಿಕ ಚಿಕಿತ್ಸಾಲಯದ ಮುಖ್ಯಸ್ಥನಾದ ಈತ, ಮನೋವಿಕಾರ ಹಾಗೂ ಅಪಸ್ಮಾರಗಳ ಕುರಿತ ತನ್ನ ಅವಲೋಕನಗಳನ್ನು 1859ರಲ್ಲಿ ಗ್ರಂಥರೂಪದಲ್ಲಿ ಪ್ರಕಟಿಸಿದ.

ಅಳುವ ಮಗುವಿನ ನಾಡಿ ಸಿಗುವುದಿಲ್ಲ. ಆಗ ಹಾಫ್‌ಮನ್ ಕಿಸೆಯ ಪುಸ್ತಕದಿಂದ ಹಾಳೆಯೊಂದನ್ನು ಹರಿದು, ಕೂದಲು ಉಗುರು ಕತ್ತರಿಸಿಕೊಳ್ಳಲೊಪ್ಪದ ಹುಡುಗನ ಚಿತ್ರ ಬರೆಯುತ್ತಿದ್ದ. ಕಥೆ ಮುಂದುವರಿದಂತೆ ಗೆರೆಗಳೂ ಬೆಳೆದು, ಕೊನೆಗೆ ಹುಡುಗನೇ ಕಾಣದಂತಾಗುತ್ತಿದ್ದ. ಮಗು ಬೆರಗಾಗಿ ನೋಡುವಷ್ಟರಲ್ಲಿ ವೈದ್ಯನ ಕೆಲಸ ಮುಗಿದಿರುತ್ತಿತ್ತು. 1844ರ ಕ್ರಿಸ್‌ಮಸ್‌ಗೆ ಮೂರು ವರ್ಷದ ಮಗನಿಗೆಂದು ಅಂಗಡಿಗಳಲ್ಲಿ ಹುಡುಕಿದಾಗ ಒಪ್ಪುವ ಪುಸ್ತಕ ದೊರೆಯದೆ, ಖಾಲಿ ಪುಸ್ತಕವೊಂದನ್ನು ತಂದು ತಾನೇ ಚಿತ್ರಕಥೆಗಳಿಂದ ತುಂಬಿಸಿದ. 1845ರಲ್ಲಿ ಅಚ್ಚಾದ ಅದೇ ಮುಂದೆ 'ಸ್ಟ್ರೂವೆಲ್‌ಪೀಟರ್' ಎಂದು ಪ್ರಸಿದ್ಧವಾಯಿತು.

ಈ ಕೃತಿಯನ್ನು ಕ್ರೂರ ಶಿಕ್ಷಣದ ಮಾದರಿಯೆಂದು ತಳ್ಳಿಹಾಕುವವರಿದ್ದಾರೆ. ಆ ಮಾತು ಪೂರ್ತಿ ನಿಲ್ಲುವುದಿಲ್ಲ. ಬೆಂಕಿಕಡ್ಡಿಯೊಡನೆ ಆಡಿದ ಪೌಲೀನ್‌ಳನ್ನು ಸುಡುವುದು ಬೆಂಕಿಯೇ ಹೊರತು ದಂಡಿಸುವ ಹಿರಿಯರಲ್ಲ. ಪಂಜವೆತ್ತಿ ಎಚ್ಚರಿಸಿದ ಬೆಕ್ಕುಗಳೆರಡು ಕೊನೆಯಲ್ಲಿ ಅತ್ತು ಕಣ್ಣೀರಿನ ತೊರೆ ಹರಿಸುತ್ತವೆ. ಸೂಪು ಒಲ್ಲೆನೆಂದ ಕಾಸ್ಪರ್ ದಿನದಿನಕ್ಕೆ ಕೃಶನಾಗುವ ಚಿತ್ರಗಳಲ್ಲಿ ರೋಗಿಯನ್ನು ನಿತ್ಯ ಕಂಡ ಕಣ್ಣಿದೆ. ಐದನೆಯ ದಿನದ ಸಮಾಧಿಯ ಮೇಲೆ ಸೂಪಿನ ಪಾತ್ರೆಯನ್ನಿಟ್ಟ ವಿನೋದವೂ ಇದೆ. ಊಟದ ಮೇಜಿನಲ್ಲಿ ಚಡಪಡಿಸುವ ಫಿಲಿಪ್‌ನ ಹೆಸರು ಜರ್ಮನ್ ಆಡುಮಾತಿನಲ್ಲಿ ಅತಿಚಟುವಟಿಕೆಯ ಮಕ್ಕಳಿಗೆ ಅಂಟಿಕೊಂಡಿದೆ. ಆದರೆ ಆ ಕಥೆಯಲ್ಲಿ ಉಳಿಯುವುದು ಬರಿದಾದ ಮೇಜಿನೆದುರು ಹಸಿದು ನಿಂತ ತಂದೆತಾಯಿಯರೇ. ಅದನ್ನು ಕೇವಲ ರೋಗಲಕ್ಷಣದ ಪಟ್ಟಿಯಾಗಿ ಓದುವುದು ಬಡ ಓದು.

ಹೆಬ್ಬೆರಳು ಚೀಪುವ ಕೊನ್ರಾಡನ ಕಥೆ ಮಾತ್ರ ಬೇರೆ. ದರ್ಜಿ ಬಂದು ಬೆರಳು ಕತ್ತರಿಸುವನೆಂದು ಹೆದರಿಸಿ ತಾಯಿ ಹೊರಹೋಗುತ್ತಾಳೆ. ಇದು ಗುಮ್ಮನನ್ನು ಕರೆಯುವ ಕ್ರಮವೇ. ಪುರಂದರದಾಸರ ಕೀರ್ತನೆಯೊಂದರಲ್ಲಿ ಬಾಲಕೃಷ್ಣ ಗುಮ್ಮನನ್ನು ಕರೆಯಬೇಡವೆಂದು ತಾಯಿಯನ್ನು ಬೇಡಿಕೊಳ್ಳುತ್ತಾನೆ. ಅಲ್ಲಿ ಚೌಕಾಶಿಗೆ ಎಡೆಯುಂಟು. ಗುಮ್ಮ ಸದಾ ಬಾಗಿಲಾಚೆಯವನು, ಬರುವುದೇ ಇಲ್ಲ. ಜನಪದರ ಬೆದರಿಕೆಯೊಳಗಿನ ಕರುಣೆ ಇರುವುದು ಈ ಬಾರದಿರುವಿಕೆಯಲ್ಲಿ. ಹಾಫ್‌ಮನ್ನನ ದರ್ಜಿಯಾದರೋ ಬಾಗಿಲು ತೆರೆದು ನುಗ್ಗಿಯೇಬಿಡುತ್ತಾನೆ. ತನ್ನ ಮೇಲೆ ಹೊರಿಸಿದ್ದ ಗುಮ್ಮನ ವೇಷವನ್ನು ರೋಗಿಯ ಹಾಸಿಗೆಯ ಪಕ್ಕದಲ್ಲಿ ಕಳಚಿದ್ದ ವೈದ್ಯ, ಅಚ್ಚಿನ ಪುಟದಲ್ಲಿ ಅದನ್ನು ಕತ್ತರಿ ಹಿಡಿದ ಇನ್ನೊಬ್ಬನಿಗೆ ತೊಡಿಸಿದ್ದಾನೆ. ಹಾಸಿಗೆಯ ಬಳಿ ಕಥೆ ಹೇಳುವವನು ಮಗುವಿನ ಮುಖ ನೋಡಿ ಪೆನ್ಸಿಲನ್ನು ತಡೆಯಬಲ್ಲ. ಅಚ್ಚಾದ ಕತ್ತರಿ ಪ್ರತಿ ಓದಿನಲ್ಲೂ ಎರಡೂ ಹೆಬ್ಬೆರಳುಗಳನ್ನು ಕತ್ತರಿಸುತ್ತದೆ.