ಬೆಟ್ಟಕ್ಕೆ ಟಿಕೆಟ್, ಊರಿಗೆ ಏನು?

ಚಿಕ್ಕಬಳ್ಳಾಪುರದ ಪಕ್ಕದಲ್ಲೇ ಇರುವ ಆ ಬೆಟ್ಟ ಸುತ್ತಲಿನ ಹಳ್ಳಿಗರಿಗೆ ಕಳವಾರ ಬೆಟ್ಟ, ಬೆಂಗಳೂರಿನ ಚಾರಣಿಗರಿಗೆ ಸ್ಕಂದಗಿರಿ. ಎತ್ತರ ಸುಮಾರು 1,450 ಮೀಟರ್. ಬುಡದಲ್ಲಿ ಪಾಪಾಗ್ನಿ ಮಠ, ನೆತ್ತಿಯ ಮೇಲೆ ಕುಸಿದ ಕೋಟೆಗೋಡೆ, ಒಂದು ಹಳೆಯ ಗುಡಿ. ಚಳಿಗಾಲದ ಬೆಳಗಿನ ಜಾವ ಕಣಿವೆಯ ತುಂಬ ಮೋಡ ನಿಂತು, ಅದರ ಮೇಲೆ ಸೂರ್ಯ ಹುಟ್ಟುವ ಫೋಟೊ ಇವತ್ತು ಯಾರ ಮೊಬೈಲಿನಲ್ಲಿ ಇಲ್ಲ ಹೇಳಿ? ಈ ಬೆಟ್ಟವನ್ನು ಹತ್ತಬೇಕಾದರೆ ಈಗ ಮೊದಲೇ ಆನ್‌ಲೈನಿನಲ್ಲಿ ಟಿಕೆಟ್ ಪಡೆಯಬೇಕು. ಆ ಟಿಕೆಟ್ ವ್ಯವಸ್ಥೆಯನ್ನು ಒಂದು ಸಾರ್ವಜನಿಕ ಪದ್ಧತಿಯೆಂದು ತೆಗೆದುಕೊಂಡು ಅಳೆಯುವುದು ಈ ಬರಹದ ಉದ್ದೇಶ. ನನ್ನ ತೀರ್ಮಾನ ಮೊದಲೇ ಹೇಳಿಬಿಡುತ್ತೇನೆ: ಬೆಟ್ಟಕ್ಕೆ ಅದರಿಂದ ಒಳ್ಳೆಯದಾಗಿದೆ, ದೂರದಿಂದ ಬರುವವರಿಗೂ ಒಳ್ಳೆಯದಾಗಿದೆ. ಬೆಟ್ಟದ ಬುಡದಲ್ಲಿ ಬದುಕುವವರನ್ನು ಮಾತ್ರ ಅದು ಮಾತನಾಡಿಸಿಲ್ಲ.

ಮೊದಲು ಹೇಗಿತ್ತು ಎಂಬುದನ್ನು ಮರೆಯಬಾರದು. 2000ದ ದಶಕದ ಕೊನೆಯಲ್ಲಿ, ಸಾಫ್ಟ್‌ವೇರ್ ಕಂಪನಿಗಳ ಹುಡುಗರ ಗುಂಪುಗಳಲ್ಲಿ ಇಲ್ಲಿನ ಬೆಳದಿಂಗಳ ಚಾರಣ ಬಾಯಿಂದ ಬಾಯಿಗೆ, ಫೋಟೊದಿಂದ ಫೋಟೊಗೆ ಹರಡಿತು. ಶನಿವಾರ ರಾತ್ರಿ ಸಾಲುಸಾಲು ಕಾರು, ಬೈಕು. ಹಳ್ಳಿಯ ಹುಡುಗರು ಟಾರ್ಚ್ ಹಿಡಿದು ದಾರಿ ತೋರಿಸುತ್ತಿದ್ದರು. ಕೆಲವರು ಹಿಂದಿನ ರಾತ್ರಿಯೇ ಸ್ಟೌ, ಹಾಲು, ಮೊಟ್ಟೆ ಹೊತ್ತು ಮೇಲೇರಿ, ಬೆಳಗಾಗುವ ಹೊತ್ತಿಗೆ ಟೀ, ಆಮ್ಲೆಟ್ ಮಾರುತ್ತಿದ್ದರು. ಆ ಟೀಯ ರುಚಿಯನ್ನು ಹಳೆಯ ಚಾರಣಿಗರು ಈಗಲೂ ನೆನೆಯುತ್ತಾರೆ. ಆದರೆ ಆ ರಾತ್ರಿಗಳಲ್ಲಿ ಕುಡಿತವಿತ್ತು, ಒಡೆದ ಬಾಟಲಿಗಳಿದ್ದವು, ಗಲಾಟೆಯಿತ್ತು. ಕತ್ತಲಲ್ಲಿ ಚಾರಣಿಗರನ್ನು ಅಡ್ಡಗಟ್ಟಿ ದುಡ್ಡು, ಫೋನು ಕಿತ್ತುಕೊಂಡ ಪ್ರಕರಣಗಳೂ ಸುದ್ದಿಯಾದವು. ಕೊನೆಗೆ ರಾತ್ರಿ ಚಾರಣ ನಿಂತಿತು. ಅರಣ್ಯ ಇಲಾಖೆ ಮತ್ತು ಪರಿಸರ ಪ್ರವಾಸೋದ್ಯಮ ಮಂಡಳಿಯ ಮೂಲಕ ನೋಂದಣಿ ಬಂತು, ಗೈಡ್ ಬಂದ, ಬೆಳಗಿನ ಜಾವದ ಸಮಯ ನಿಗದಿಯಾಯಿತು.

ಇಡೀ ರಾಜ್ಯಕ್ಕೆ ಒಂದೇ ಅಳತೆಗೋಲು ಬಂದದ್ದು ಪಶ್ಚಿಮ ಘಟ್ಟದ ಕುಮಾರಪರ್ವತದ ದೆಸೆಯಿಂದ. 2024ರ ಜನವರಿಯ ಗಣರಾಜ್ಯೋತ್ಸವದ ರಜೆಯಲ್ಲಿ ಅಲ್ಲಿ ಸಾವಿರಾರು ಮಂದಿ ಇರುವೆ ಸಾಲಿನಂತೆ ನಿಂತ ವಿಡಿಯೊ ಎಲ್ಲೆಡೆ ಹರಿದಾಡಿತು. ಆನ್‌ಲೈನ್ ನೋಂದಣಿ ಇಲ್ಲದ ಚಾರಣಗಳಿಗೆ ಸರ್ಕಾರ ತಡೆ ಹಾಕಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಅರಣ್ಯ ಸಚಿವ ಈಶ್ವರ ಖಂಡ್ರೆ ಅವರು ‘ಅರಣ್ಯ ವಿಹಾರ’ ಜಾಲತಾಣಕ್ಕೆ ಚಾಲನೆ ಕೊಟ್ಟರು. ಒಂದು ಚಾರಣಪಥಕ್ಕೆ ದಿನಕ್ಕೆ ಗರಿಷ್ಠ 300 ಮಂದಿ. ಒಂದು ಮೊಬೈಲ್ ಸಂಖ್ಯೆಯಿಂದ ಹತ್ತು ಟಿಕೆಟ್‌ವರೆಗೆ. ಪ್ರತಿಯೊಬ್ಬರ ಗುರುತಿನ ಚೀಟಿಯ ವಿವರ ಕಡ್ಡಾಯ. ಏಜೆನ್ಸಿಗಳು ಟಿಕೆಟ್‌ಗಳನ್ನು ಸಗಟಾಗಿ ಹಿಡಿದಿಟ್ಟುಕೊಳ್ಳುವುದನ್ನು ತಪ್ಪಿಸುವ ಉದ್ದೇಶವೂ ಇದರಲ್ಲಿತ್ತು.

ಇದರ ಒಳಿತನ್ನು ಮನಸಾರೆ ಒಪ್ಪಬೇಕು. ಈ ಸೀಮೆಯಲ್ಲಿ ಯಾರ ಪರಿಚಯವೂ ಇಲ್ಲದ ಹುಡುಗಿಯೊಬ್ಬಳು ಗೆಳತಿಯರ ಜೊತೆ ಬೆಟ್ಟ ಹತ್ತಲು ಈಗ ಯಾವ ಗುಂಪಿನ ಹಂಗೂ ಬೇಕಿಲ್ಲ. ಜಾತಿ, ಊರು, ಭಾಷೆ ಯಾವುದನ್ನೂ ಕೇಳದೆ ಟಿಕೆಟ್ ಸಿಗುತ್ತದೆ. ಎಷ್ಟು ಜನ ಹತ್ತಿದರು, ಎಷ್ಟು ಜನ ಇಳಿದರು ಎಂಬ ಲೆಕ್ಕ ಇರುತ್ತದೆ. ಈ ಬಂಡೆಗಳ ಮೇಲೆ ಆ ಲೆಕ್ಕದ ಬೆಲೆ ಏನೆಂದು ಪಕ್ಕದ ನಂದಿಬೆಟ್ಟದಲ್ಲಿ ಕಂಡಿದ್ದೇವೆ. 2022ರ ಫೆಬ್ರುವರಿಯಲ್ಲಿ ಬ್ರಹ್ಮಗಿರಿಯ ಬಂಡೆಯಿಂದ ಜಾರಿ ನಡುವೆ ಸಿಕ್ಕಿಬಿದ್ದ ಹತ್ತೊಂಬತ್ತರ ಹುಡುಗನನ್ನು ವಾಯುಪಡೆಯ ಹೆಲಿಕಾಪ್ಟರ್ ಎತ್ತಿ ತಂದಿತು. ಅವನ ಜೀವ ಉಳಿಸಿದ್ದರಲ್ಲಿ ಜೇಬಿನಲ್ಲಿದ್ದ ಫೋನಿನ ಪಾಲು ದೊಡ್ಡದು; ಫೋನು ಕೈಕೊಟ್ಟರೆ ಕಾಯಬೇಕಾದದ್ದು ಈ ಲೆಕ್ಕವೇ.

ಹಾಗಾದರೆ ತಕರಾರು ಯಾವುದರ ಮೇಲೆ? ಬೆಳಗಿನ ಜಾವ ಬುಡದಲ್ಲಿ ಟಿಕೆಟ್ ನೋಡುವ ಜಾಗದಲ್ಲಿ ಸ್ವಲ್ಪ ಹೊತ್ತು ನಿಂತರೆ ತಿಳಿಯುತ್ತದೆ. ತಲೆಗೆ ಟಾರ್ಚ್ ಕಟ್ಟಿಕೊಂಡವರು ಸಾಲಾಗಿ ನಿಂತು ಫೋನ್ ಮುಂದೆ ಹಿಡಿಯುತ್ತಾರೆ. ಗೈಡ್ ಹೆಸರು ಕೂಗುತ್ತಾನೆ, ಗುರುತಿನ ಚೀಟಿ ನೋಡುತ್ತಾನೆ, ಗುಂಪು ಮಾಡುತ್ತಾನೆ. ಬಂದವರ ಹೆಸರು, ವಯಸ್ಸು ಎಲ್ಲ ಅವನಿಗೆ ಗೊತ್ತು. ಅವನ ಹೆಸರು ಬಂದವರಲ್ಲಿ ಎಷ್ಟು ಜನಕ್ಕೆ ಗೊತ್ತಿರುತ್ತದೆ? ಎಲ್ಲರ ಬಾಯಲ್ಲೂ ಅವನು ‘ಭಯ್ಯಾ’ ಅಥವಾ ‘ಬಾಸ್’. ಅವನು ಮನೆಯಲ್ಲಿ ತೆಲುಗು ಮಾತಾಡಿ, ಶಾಲೆಯಲ್ಲಿ ಕನ್ನಡ ಓದಿ, ಬೆಟ್ಟದ ಮೇಲೆ ಹಿಂದಿ ಕಲಿತವನು. ಈ ಬಂಡೆಯ ಸಂದಿನಲ್ಲಿ ಚಿರತೆ ಎಲ್ಲಿ ಓಡಾಡುತ್ತದೆ, ಮಳೆ ಬಂದರೆ ಯಾವ ಕಡೆ ಕಾಲು ಜಾರುತ್ತದೆ, ಕೋಟೆಯ ಯಾವ ಗೋಡೆಯ ಪಕ್ಕ ನೀರು ನಿಲ್ಲುತ್ತದೆ ಎಂಬುದೆಲ್ಲ ಅವನ ಕಾಲಿಗೆ ಗೊತ್ತು. ಇಷ್ಟು ತಿಳಿದವನ ಕೆಲಸ ಕೊನೆಗೆ ತಲೆ ಎಣಿಸುವುದಕ್ಕೆ ಇಳಿದಿದೆ. ನೋಂದಣಿಯ ನಮೂನೆ ಚಾರಣಿಗನಿಗಾಗಿ ಹೊಲಿದ ಅಂಗಿ; ಮೇಕೆ ಹೊಡೆದುಕೊಂಡು ಇದೇ ಬೆಟ್ಟದ ಮಗ್ಗುಲಿಗೆ ಹೋಗುವವನಿಗಾಗಲಿ, ಹರಕೆ ಹೊತ್ತು ಗುಡಿಗೆ ಹತ್ತುವ ಅಜ್ಜಿಗಾಗಲಿ ಅದರ ಅಳತೆ ಹೊಂದುವುದಿಲ್ಲ.

300 ಎಂಬ ಸಂಖ್ಯೆಯನ್ನೇ ನೋಡಿ. ಪಶ್ಚಿಮ ಘಟ್ಟದ ದಟ್ಟ ಕಾಡಿನ ಕುಮಾರಪರ್ವತಕ್ಕೂ, ಕುರುಚಲು ಗಿಡಗಳ ಬೋಳುಬಂಡೆಯ ಕಳವಾರ ಬೆಟ್ಟಕ್ಕೂ ಒಂದೇ ಮಿತಿ. ಹಳ್ಳಿಯ ರಸ್ತೆ ಎಷ್ಟು ವಾಹನ ತಾಳುತ್ತದೆ, ಬೆಳಗಿನ ಜಾವ ಹಾರ್ನ್ ಸದ್ದಿಗೆ ಯಾರ ನಿದ್ದೆ ಕೆಡುತ್ತದೆ, ಪ್ಲಾಸ್ಟಿಕ್ ಕೊನೆಗೆ ಯಾರ ಹೊಲಕ್ಕೆ ಬೀಳುತ್ತದೆ ಎಂಬುದನ್ನು ಬೆಂಗಳೂರಿನ ಕಚೇರಿಯಲ್ಲಿ ಕುಳಿತು ಒಂದೇ ಅಂಕಿಯಲ್ಲಿ ಹಿಡಿಯಲು ಸಾಧ್ಯವಿಲ್ಲ.

ಫೋಟೊದ ವಿಷಯವೂ ಇದರ ಜೊತೆಗೇ ಬರಬೇಕು. ಸ್ಕಂದಗಿರಿಯ ಸಾವಿರಾರು ಚಿತ್ರಗಳಲ್ಲಿ ಊರು ಕಾಣುವುದೇ ಇಲ್ಲ. ಮೋಡ ಊರನ್ನು ಮುಚ್ಚಿದಾಗಲೇ ಚಿತ್ರ ಚೆನ್ನಾಗಿ ಬರುತ್ತದೆ. ಮೋಡ ಕರಗಿ ದ್ರಾಕ್ಷಿ ತೋಟ, ಹಿಪ್ಪುನೇರಳೆ ಸಾಲು, ಶೆಡ್ಡುಗಳ ತಗಡಿನ ಚಾವಣಿ ಕಾಣುವ ಹೊತ್ತಿಗೆ ಫೋನುಗಳು ಜೇಬು ಸೇರಿರುತ್ತವೆ. ಚಿತ್ರ ತೆಗೆದವರದು ತಪ್ಪೆಂದು ನಾನು ಹೇಳುತ್ತಿಲ್ಲ, ಆ ನೋಟ ನಿಜಕ್ಕೂ ಮೈಮರೆಸುವಂಥದು. ಆದರೆ ಒಂದೇ ಬಗೆಯ ಚಿತ್ರ ವರ್ಷಗಟ್ಟಲೆ ಓಡಾಡಿದಾಗ, ನೋಡಿದವರ ಮನಸ್ಸಿನಲ್ಲಿ ಅದು ಯಾರೂ ಇಲ್ಲದ ಬೆಟ್ಟವಾಗಿ ಕೂರುತ್ತದೆ. ಯಾರೂ ಇಲ್ಲದ ಜಾಗದಲ್ಲಿ ಯಾರನ್ನೂ ಕೇಳಬೇಕಾಗಿಲ್ಲ ಎಂಬ ಭಾವನೆ ಅದರ ಹಿಂದೆಯೇ ಬರುತ್ತದೆ.

ತಂತ್ರಜ್ಞಾನ ಎಲ್ಲಿ ಬಂದರೂ ಸ್ಥಳೀಯರನ್ನು ಹೊರಗಿಡುತ್ತದೆ ಎಂದು ಗೋಳಾಡುವುದು ಸುಲಭ, ಅದು ಸುಳ್ಳು ಕೂಡ. ಇದೇ ಜಿಲ್ಲೆಯ ಶಿಡ್ಲಘಟ್ಟದಲ್ಲಿ ಅದಕ್ಕೆ ಬೇರೆ ಸಾಕ್ಷಿ ಇದೆ. ಅಲ್ಲಿನ ಸರ್ಕಾರಿ ರೇಷ್ಮೆಗೂಡಿನ ಮಾರುಕಟ್ಟೆ ರಾಮನಗರದ ಮಾರುಕಟ್ಟೆಯೊಡನೆ ರಾಜ್ಯದ ದೊಡ್ಡ ಮಾರುಕಟ್ಟೆಗಳ ಸಾಲಿನಲ್ಲಿ ನಿಲ್ಲುತ್ತದೆ. ಗೂಡಿನ ವಹಿವಾಟನ್ನು ಸರ್ಕಾರದ ಕಣ್ಣಳತೆಗೆ ತಂದದ್ದು 1959ರ ಕಾಯ್ದೆ. ಹಿಂದೆ ಇಲ್ಲಿ ಹರಾಜೆಂದರೆ ಕೂಗು. ಕನ್ನಡ, ತೆಲುಗು, ಉರ್ದು ಮೂರೂ ಬೆರೆತ ಆ ಗದ್ದಲದಲ್ಲಿ ಗಂಟಲು ದೊಡ್ಡದಿದ್ದವರ, ನಂಟು ಗಟ್ಟಿಯಿದ್ದವರ ಮಾತು ನಡೆಯುತ್ತಿತ್ತು. ದೂರದ ಊರಿನಿಂದ ಮೊದಲ ಸಲ ಗೂಡು ತಂದ ರೈತ ಬೆರಗಾಗಿ ನಿಲ್ಲುತ್ತಿದ್ದ.

ಈಗ ಇ-ಹರಾಜು. ಆದರೂ ಕೈಯ ಕೆಲಸ ಹೋಗಿಲ್ಲ. ರೈತ ಗೂಡನ್ನು ಜಾಲರಿಯಲ್ಲಿ ಸುರಿದು ಹರಡುತ್ತಾನೆ, ಲಾಟಿಗೆ ನಂಬರು ಬೀಳುತ್ತದೆ. ಗೂಡಿನಿಂದ ನೂಲು ಬಿಚ್ಚುವ ರೀಲರ್ ಬಂದು ಒಂದು ಹಿಡಿ ಗೂಡು ಎತ್ತಿ, ಬೆರಳಲ್ಲಿ ಒತ್ತಿ ಗಟ್ಟಿ ನೋಡುತ್ತಾನೆ. ಕಿವಿಯ ಹತ್ತಿರ ಅಲ್ಲಾಡಿಸಿ ಒಳಗಿನ ಹುಳುವಿನ ಸದ್ದು ಕೇಳುತ್ತಾನೆ. ಜಾಳು, ಕಲೆಗೂಡು ಎಷ್ಟಿದೆ ಎಂದು ಕೆದಕುತ್ತಾನೆ. ಆಮೇಲೆ ಪಕ್ಕಕ್ಕೆ ಸರಿದು ಮೊಬೈಲಿನಲ್ಲಿ ದರ ಒತ್ತುತ್ತಾನೆ. ಯಾರು ಎಷ್ಟು ಕೂಗಿದರು ಎಂಬ ಮುಲಾಜಿಲ್ಲ. ಹೆಚ್ಚಿನ ದರ ರೈತನಿಗೆ ತಿಳಿಯುತ್ತದೆ. ಇಲ್ಲಿಯೇ ನನ್ನ ವಾದದ ಜೀವ ಇರುವುದು: ಆ ದರ ಒಪ್ಪಿಗೆಯಾಗದಿದ್ದರೆ ರೈತ ಬೇಡ ಎನ್ನಬಹುದು, ಲಾಟು ಮತ್ತೊಂದು ಸುತ್ತಿಗೆ ಹೋಗಬಹುದು.

ಈ ಹರಾಜೂ ಸಲೀಸಾಗಿ ಬರಲಿಲ್ಲ. ಶಿಡ್ಲಘಟ್ಟದ ರೀಲರ್‌ಗಳಲ್ಲಿ ಬಹುಪಾಲು ಮುಸ್ಲಿಂ ಕುಟುಂಬದವರು, ಹೆಚ್ಚಿನವರು ಸಣ್ಣ ಬಂಡವಾಳದವರು. ಇಂದು ನೂಲು ಬಿಚ್ಚಿ ನಾಳೆ ಮಾರಿದರೇ ನಾಡಿದ್ದಿನ ಗೂಡಿಗೆ ದುಡ್ಡು. ಅಂಥವರಿಗೆ ಮೊದಲೇ ಖಾತೆಯಲ್ಲಿ ಹಣ ಇಟ್ಟು ಹರಾಜಿಗೆ ಇಳಿಯುವುದು ಹೊರೆಯೇ. ಆ ಅಳಲು ನ್ಯಾಯವಾದದ್ದು. ಆದರೂ ಇಲ್ಲಿ ಯಂತ್ರದ ಎದುರು ನಿಂತ ಇಬ್ಬರಿಗೂ ಅದರೊಳಗೆ ಒಂದೊಂದು ಸ್ಥಾನವಿದೆ. ಕೊಳ್ಳುವವನು ದರ ಹೇಳುತ್ತಾನೆ, ಮಾರುವವನು ಒಪ್ಪುತ್ತಾನೆ ಅಥವಾ ತಿರಸ್ಕರಿಸುತ್ತಾನೆ. ಕಳವಾರ ಬೆಟ್ಟದ ವ್ಯವಸ್ಥೆಯಲ್ಲಿ ಬರುವವನಿಗೆ ಮಾತ್ರ ಸ್ಥಾನ. ಅವನು ದಿನ ಆರಿಸಬಹುದು, ಬರಲಾಗದಿದ್ದರೆ ರದ್ದು ಮಾಡಬಹುದು. ಈ ಭಾನುವಾರ ನಮ್ಮೂರಲ್ಲಿ ಜಾತ್ರೆ, ಬರಬೇಡಿ ಎಂದು ಊರು ಹೇಳುವುದು ಎಲ್ಲಿ?

ತಂತ್ರಜ್ಞಾನದ ಒಳಗೊಳ್ಳುವಿಕೆಯನ್ನು ನಾವು ಸಾಮಾನ್ಯವಾಗಿ ಎಷ್ಟು ಜನಕ್ಕೆ ಫೋನು ಸಿಕ್ಕಿತು, ಎಷ್ಟು ಜನ ನೋಂದಾಯಿಸಿದರು ಎಂಬುದರಲ್ಲಿ ಅಳೆಯುತ್ತೇವೆ. ಆ ಅಳತೆಯೂ ಮುಖ್ಯವೇ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಒಮ್ಮೆಯಾದರೂ ಇಂಟರ್ನೆಟ್ ಬಳಸಿದವರು ದೇಶದ ಗಂಡಸರಲ್ಲಿ ಶೇ 57.1, ಹೆಂಗಸರಲ್ಲಿ ಶೇ 33.3. ಈ ಅಂತರ ಶಿಡ್ಲಘಟ್ಟದ ಹೊಗಳಿಕೆಯನ್ನೂ ತಡೆದು ನಿಲ್ಲಿಸುತ್ತದೆ. ರೇಷ್ಮೆಹುಳು ನಾಲ್ಕನೇ ಜ್ವರದಿಂದ, ಅಂದರೆ ಪೊರೆ ಕಳಚುವ ನಿದ್ದೆಯಿಂದ, ಎದ್ದ ಮೇಲೆ ಹಗಲು ರಾತ್ರಿ ಸೊಪ್ಪು ಹಾಕುವವಳು ಮನೆಯ ಹೆಂಗಸು. ಹಣ್ಣಾದ ಹುಳು ಆಯ್ದು ಗೂಡು ಕಟ್ಟುವ ಚಂದ್ರಂಕಿಗೆ ಬಿಡುವವಳು, ಗೂಡು ಬಿಡಿಸುವವಳು ಅವಳೇ. ಮಾರುಕಟ್ಟೆಗೆ ಹೋಗುವುದು ಗಂಡಸು, ಪಾಸ್‌ಬುಕ್ ಗಂಡಸಿನದು, ದರದ ಸಂದೇಶ ಬರುವುದು ಗಂಡಸಿನ ಫೋನಿಗೆ. ಬೇಡ ಎನ್ನುವ ಹಕ್ಕು ಮನೆಯೊಳಗೆ ಇನ್ನೂ ಅವಳವರೆಗೆ ತಲುಪಿಲ್ಲ. ಖಾತೆಯನ್ನು ಜಂಟಿಯಾಗಿಸುವುದು, ಸಂದೇಶವನ್ನು ಎರಡು ಸಂಖ್ಯೆಗಳಿಗೆ ಕಳಿಸುವುದು ರೇಷ್ಮೆ ಇಲಾಖೆಗೆ ಕಷ್ಟದ ಕೆಲಸವೇನಲ್ಲ.

ಬೆಟ್ಟದ ಮಾತಿಗೆ ಮರಳಿದರೆ, ಪ್ರವಾಸಿಗರ ಹೊರೆ ಹೊತ್ತ ಊರುಗಳು ಬೇರೆ ಕಡೆ ಮಾತಾಡತೊಡಗಿವೆ. 2024ರ ಮೇ ತಿಂಗಳಲ್ಲಿ ಜಪಾನಿನ ಫುಜಿಕವಾಗುಚಿಕೊ ಎಂಬ ಪೇಟೆ, ಅಂಗಡಿಯೊಂದರ ಹಿಂದೆ ಫುಜಿ ಪರ್ವತ ಕಾಣುವ ಜಾಗದಲ್ಲಿ ಕಪ್ಪು ಪರದೆ ಎಳೆಯಿತು. ಫೋಟೊ ತೆಗೆಯಲು ರಸ್ತೆಗೆ ನುಗ್ಗುವವರಿಂದ ಅಕ್ಕಪಕ್ಕದವರು ಬೇಸತ್ತಿದ್ದರು. ಅದೇ ಬೇಸಿಗೆಯಲ್ಲಿ ಯಮನಾಶಿ ಪ್ರಾಂತ್ಯ ಫುಜಿ ಹತ್ತುವ ಯೋಷಿದಾ ದಾರಿಗೆ ದಿನಕ್ಕೆ 4,000 ಮಂದಿಯ ಮಿತಿ ಹಾಕಿ, ತಲಾ 2,000 ಯೆನ್ ಶುಲ್ಕ ವಿಧಿಸಿತು. ಪರದೆ ಒಳ್ಳೆಯ ಉಪಾಯವೋ ಅಲ್ಲವೋ, ಅದರ ಬಗ್ಗೆ ವಾದ ಮಾಡಬಹುದು. ತೀರ್ಮಾನ ತೆಗೆದುಕೊಂಡದ್ದು ಆ ಊರು ಎಂಬುದು ನನಗೆ ಮುಖ್ಯ.

ನಮ್ಮಲ್ಲಿ ಪರದೆ ಬೇಕಿಲ್ಲ. ಟಿಕೆಟ್ಟಿನ ಮೇಲೆ ಗೈಡ್‌ನ ಹೆಸರು ಅಚ್ಚಾಗಲಿ. ಚಾರಣದ ಮಾಹಿತಿಯಲ್ಲಿ ದೂರ, ಎತ್ತರದ ಜೊತೆಗೆ ಬುಡದ ಊರಿನ ಬಗ್ಗೆ, ಮಠದ ಬಗ್ಗೆ, ಆ ಸೀಮೆಯ ಬೆಳೆಯ ಬಗ್ಗೆ ನಾಲ್ಕು ಸಾಲು ಇರಲಿ. ಅದನ್ನು ಊರಿನವರೇ ಹೇಳಿ ಬರೆಸಲಿ. ಸುತ್ತಲಿನ ಹಳ್ಳಿಯವರು ಗುಡಿಗೆ ಹೋಗುವುದಕ್ಕೆ ಫೋನು, ನೋಂದಣಿ ಏನೂ ಬೇಡವೆಂದು ಬುಡದಲ್ಲೇ ಕನ್ನಡ, ತೆಲುಗಿನಲ್ಲಿ ಬೋರ್ಡ್ ಬರೆದು ಹಾಕಲಿ. ಶುಲ್ಕದಲ್ಲಿ ಒಂದು ಪಾಲು ನೇರ ಗ್ರಾಮ ಪಂಚಾಯಿತಿಗೆ ಹೋಗಿ, ಅದು ಯಾವುದಕ್ಕೆ ಖರ್ಚಾಯಿತು ಎಂಬುದು ಅದೇ ಜಾಲತಾಣದಲ್ಲಿ ಕಾಣಲಿ. ಎಲ್ಲಕ್ಕಿಂತ ಮೊದಲು, ಮುಂದಿನ ಚಳಿಗಾಲದ ಟಿಕೆಟ್ ತೆರೆಯುವ ಮುನ್ನ ಇಲಾಖೆಯವರು ಊರಿನ ಗ್ರಾಮಸಭೆಗೆ ಬಂದು ಕೂರಬೇಕು. ದಿನಕ್ಕೆ ಎಷ್ಟು ಜನ ಬಂದರೆ ತಾಳಿಕೊಳ್ಳುತ್ತೀರಿ, ವರ್ಷದಲ್ಲಿ ಯಾವ್ಯಾವ ದಿನ ಬೆಟ್ಟ ಮುಚ್ಚಿರಬೇಕು ಎಂದು ಕೇಳಿ, ಬಂದ ಉತ್ತರವನ್ನು ಹಾಗೆಯೇ ಜಾಲತಾಣಕ್ಕೆ ಏರಿಸಬೇಕು. 300ರ ಜಾಗದಲ್ಲಿ ಅವರು 150 ಎಂದರೆ 150.